ಔಲಿಯೋ, ನಾರ್ಕಂಡವೋ?

ಹಿಮದ ಮೇಲೆ ಜಾರುವ ಆಟ ಕಲಿಯಲು ಸ್ವಿಟ್ಜರ್ಲೆಂಡಿಗೇ ಹೋಗಬೇಕೆಂದಿಲ್ಲ. ನಮ್ಮ ದೇಶದಲ್ಲೇ ಅದಕ್ಕೆ ತಾಣಗಳಿವೆ. ಕಾಶ್ಮೀರದ ಗುಲ್ಮಾರ್ಗ್ ದೊಡ್ಡದು, ಹೆಸರಾದದ್ದು. ಆದರೆ ಮೊದಲ ಸಲ ಸ್ಕೀ ಕಟ್ಟಿಕೊಳ್ಳುವ ಮಕ್ಕಳಿಗೂ ಅವರ ಜೊತೆ ಹೊರಡುವ ಅಜ್ಜ ಅಜ್ಜಿಯರಿಗೂ ಸಣ್ಣ ತಾಣವೇ ಸಾಕು. ಅಂಥವು ಎರಡು ನಮ್ಮ ಮುಂದಿದ್ದವು. ಒಂದು ಉತ್ತರಾಖಂಡದ ಔಲಿ, ಇನ್ನೊಂದು ಹಿಮಾಚಲ ಪ್ರದೇಶದ ನಾರ್ಕಂಡ. ಎರಡರಲ್ಲಿ ಒಂದನ್ನು ಆರಿಸಲು ನಮ್ಮ ಮನೆಯಲ್ಲಿ ಹದಿನೈದು ದಿನ ಹಿಡಿಯಿತು.

ಹೊರಡುವವರು ನಾಲ್ವರು. ಹನ್ನೆರಡರ ಮೊಮ್ಮಗಳು, ಒಂಬತ್ತರ ಮೊಮ್ಮಗ, ಮಂಡಿನೋವಿನ ನನ್ನ ಹೆಂಡತಿ, ಎಪ್ಪತ್ತು ದಾಟಿದ ನಾನು. ಗಣರಾಜ್ಯೋತ್ಸವದ ರಜೆಯನ್ನೂ ಸೇರಿಸಿಕೊಂಡು ಸಿಕ್ಕಿದ್ದು ಆರೇ ದಿನ.

ಮೊಮ್ಮಗಳ ಮತ ಔಲಿಗೆ. ಅವಳ ವಾದ ಗಟ್ಟಿಯಾಗಿತ್ತು. ಔಲಿಯ ಇಳಿಜಾರು ಸುಮಾರು 2,500 ಮೀಟರಿನಿಂದ 3,000 ಮೀಟರ್ ಎತ್ತರದವರೆಗೆ ಹರಡಿದೆ. 2011ರಲ್ಲಿ ದಕ್ಷಿಣ ಏಷ್ಯಾದ ಮೊದಲ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಅಲ್ಲಿಯೇ. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ ಕಾಣುತ್ತದೆ. "ಅಜ್ಜ, ಜಾರುವಾಗ ಬಿದ್ದರೂ ನಂದಾದೇವಿ ನೋಡ್ತಾ ಬೀಳಬಹುದು!" ಎಂದಳು.

ನನಗೂ ಒಳಗೊಳಗೇ ಔಲಿಯ ಆಸೆಯೇ. ಔಲಿಗೆ ಹೋಗುವುದು ಜೋಶಿಮಠದ ಮೂಲಕ. ಆದಿ ಶಂಕರಾಚಾರ್ಯರು ನಾಲ್ಕು ದಿಕ್ಕಿಗೆ ಸ್ಥಾಪಿಸಿದರೆಂದು ನಂಬಿಕೆಯಿರುವ ನಾಲ್ಕು ಮಠಗಳಲ್ಲಿ ಉತ್ತರದ ಜ್ಯೋತಿರ್ಮಠ ಇರುವುದು ಅಲ್ಲಿ. ದಕ್ಷಿಣದ್ದು ನಮ್ಮ ಶೃಂಗೇರಿ. ಅಲ್ಲಿಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪುರಿ, ದ್ವಾರಕೆಗಳನ್ನೂ ನೋಡಿಯಾಗಿದೆ. ಉಳಿದದ್ದು ಇದೊಂದೇ.

ಆದರೆ ಜೋಶಿಮಠದ ಹೆಸರು ಬಂದೊಡನೆ ಇನ್ನೊಂದು ವಿಷಯವೂ ನೆನಪಾಯಿತು. ಆ ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ. ಹಿಂದೆಂದೋ ಬೆಟ್ಟ ಕುಸಿದು ಬಿದ್ದ ಮಣ್ಣು, ಕಲ್ಲುಗಳ ರಾಶಿಯ ಮೇಲೆ. ಅಲ್ಲಿ ಭಾರೀ ಕಟ್ಟಡಗಳು ಬೇಡವೆಂದು ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. ಊರು ಬೆಳೆಯುತ್ತಲೇ ಹೋಯಿತು. 2023ರ ಜನವರಿಯಲ್ಲಿ ನೆಲ ಕುಸಿದು ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಿಟ್ಟಿತು. ಕೊರೆಯುವ ಚಳಿಯಲ್ಲಿ ಜನ ಮನೆ ಬಿಟ್ಟು ಹೊರಬಂದರು. ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಇತ್ತು. ಅದೂ ಆಗ ನಿಂತುಹೋಯಿತು. ಹಾಗಾಗಿ ಬೆಟ್ಟದ ತಿರುವು ರಸ್ತೆಯಲ್ಲೇ ಹತ್ತಬೇಕು. ಹಿಮ ಬಿದ್ದರೆ ಅದೂ ಕಷ್ಟ.

ಅದಕ್ಕೂ ಮೊದಲು ಹೃಷೀಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳನ್ನು ದಾಟಿಕೊಂಡು ಹೋಗುವ ಸುಂದರ ದಾರಿ. ಆದರೆ ಪೂರ್ತಿ ಒಂದು ದಿನದ ಪ್ರಯಾಣ. ಹೋಗಲೊಂದು ದಿನ, ಬರಲೊಂದು ದಿನ. ಆಗುಂಬೆ ಘಾಟಿಯಲ್ಲೇ ವಾಂತಿ ಮಾಡಿಕೊಳ್ಳುವ ಮೊಮ್ಮಗ ಮುಖ ಸಣ್ಣದು ಮಾಡಿಕೊಂಡ. "ಎಲ್ಲಾದರೂ ರಸ್ತೆ ಮುಚ್ಚಿದರೆ ಈ ಆರು ದಿನದಲ್ಲಿ ಮಕ್ಕಳು ಹಿಮ ಮುಟ್ಟುವುದು ಯಾವಾಗ?" ಎಂದು ನನ್ನ ಹೆಂಡತಿ ಕೇಳಿದಳು. ಉತ್ತರ ನನ್ನ ಬಳಿ ಇರಲಿಲ್ಲ.

ನಾರ್ಕಂಡ ಶಿಮ್ಲಾದಿಂದ ಸುಮಾರು 65 ಕಿಲೋಮೀಟರ್. ಎತ್ತರ 2,700 ಮೀಟರ್. ಔಲಿಯಷ್ಟು ದೊಡ್ಡ ಇಳಿಜಾರಿಲ್ಲ, ಅಷ್ಟು ಹೆಸರೂ ಇಲ್ಲ. ಆದರೆ ಶಿಮ್ಲಾದವರೆಗೆ ರೈಲಿದೆ. ಎಂಥ ರೈಲು! 1903ರಲ್ಲಿ ಆರಂಭವಾದ ಕಾಲ್ಕಾ–ಶಿಮ್ಲಾ ಪುಟ್ಟ ರೈಲು 96 ಕಿಲೋಮೀಟರಿನಲ್ಲಿ ನೂರಕ್ಕೂ ಹೆಚ್ಚು ಸುರಂಗಗಳನ್ನು ಹೊಕ್ಕು ಹೊರಬರುತ್ತದೆ. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೊಮ್ಮಗನ ಮತ ಅಲ್ಲಿಗೇ ಬಿತ್ತು.

ಕೊನೆಗೆ ಕೈ ಎತ್ತಿಸಿದೆವು. ನಾರ್ಕಂಡಕ್ಕೆ ಎರಡು, ಔಲಿಗೆ ಒಂದು. ನನ್ನ ಕೈ ಬಾಕಿ. ಜ್ಯೋತಿರ್ಮಠ ಬೇಸಿಗೆಯಲ್ಲೂ ಅಲ್ಲೇ ಇರುತ್ತದೆ. ಹಿಮ ಮಾತ್ರ ಈಗಷ್ಟೇ ಇರುತ್ತದೆ. ಹಾಗೆಂದುಕೊಂಡು ನಾರ್ಕಂಡಕ್ಕೆ ಕೈ ಎತ್ತಿದೆ. ಮೊಮ್ಮಗಳು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ರೈಲು ಸುರಂಗ ಹೊಕ್ಕಾಗಲೆಲ್ಲ ಮಕ್ಕಳು ಕೂಗಿದರು. ಐವತ್ತರವರೆಗೆ ಲೆಕ್ಕವಿಟ್ಟ ಮೊಮ್ಮಗ ಆಮೇಲೆ ನಿದ್ದೆಹೋದ. ಮರುದಿನ ಶಿಮ್ಲಾದಿಂದ ಕಾರಿನಲ್ಲಿ ಹೊರಟು ನಾರ್ಕಂಡ ಸೇರಿದಾಗ ದೇವದಾರು ಮರಗಳ ಕೆಳಗೆ ಮೊಣಕಾಲುದ್ದ ಹಿಮ ಬಿದ್ದಿತ್ತು.

ಸ್ಕೀ ಎಂದರೆ ಕಾಲಿಗೆ ಕಟ್ಟುವ ಎರಡು ಉದ್ದನೆಯ ಪಟ್ಟಿ. ಬರಿಗಾಲು ಹಿಮದಲ್ಲಿ ಹೂತುಹೋಗುತ್ತದೆ. ಪಟ್ಟಿ ಉದ್ದವಾದ್ದರಿಂದ ನಮ್ಮ ಭಾರ ಹರಡಿಹೋಗಿ ಹೂಳುವುದಿಲ್ಲ, ಜಾರುತ್ತದೆ. ಕೆಸರುಗದ್ದೆ ಸಮ ಮಾಡುವ ಹಲಗೆಯ ಮೇಲೆ ನಿಂತವರಿಗೆ ಇದು ಬೇಗ ಅರ್ಥವಾದೀತು. ಕಲಿಸುವವರು ಮೊದಲು ಹೇಳಿಕೊಟ್ಟದ್ದು ಜಾರುವುದನ್ನಲ್ಲ, ನಿಲ್ಲುವುದನ್ನು! ಪಟ್ಟಿಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ದೂರ ಮಾಡಿದರೆ ಹಂಚಿನ ಮಾಡಿನ ಆಕಾರವಾಗುತ್ತದೆ. ಒಳಅಂಚುಗಳು ಹಿಮವನ್ನು ಕೆರೆದು ವೇಗ ತಗ್ಗುತ್ತದೆ. ಬೀಳುವುದಾದರೆ ಪಕ್ಕಕ್ಕೆ ಬೀಳಬೇಕು. ಇಷ್ಟೇ ಮೊದಲ ಪಾಠ.

ನಾವು ಹೋದ ಇಳಿಜಾರಿನಲ್ಲಿ ಜಾರಿ ಇಳಿದ ಮೇಲೆ ಸ್ಕೀ ಹೊತ್ತು ನಡೆದೇ ಹತ್ತಬೇಕಿತ್ತು. ಅರ್ಧ ನಿಮಿಷದ ಜಾರಾಟಕ್ಕೆ ಹತ್ತು ನಿಮಿಷದ ಏರುದಾರಿ. ಮೊಮ್ಮಗಳು ಮೊದಲ ದಿನ ಹನ್ನೊಂದು ಸಲ ಬಿದ್ದಳು. ಎರಡನೆಯ ದಿನ ಬೀಳದೆ ಕೆಳಗಿಳಿದು, ಹಂಚಿನ ಮಾಡು ಮಾಡಿ, ನನ್ನ ಮುಂದೆಯೇ ನಿಂತಳು. "ನಾವು ಅಡಿಕೆ ಹಾಳೆಯ ಮೇಲೆ ಕೂತು ಜಾರುತ್ತಿದ್ದದ್ದೂ ಇದೇ ಆಟ" ಎಂದೆ. "ಅಜ್ಜ, ಹಾಳೆಗೆ ಬ್ರೇಕ್ ಇತ್ತಾ?" ಎಂದಳು. ಸಿಟ್ಟು ಹೋಗಿತ್ತು.

ನನ್ನ ಹೆಂಡತಿ ಬಿಸಿಲಲ್ಲಿ ಕುಳಿತು ಊರಿನ ಹೆಂಗಸರೊಡನೆ ಹರಕು ಹಿಂದಿಯಲ್ಲಿ ಮಾತಾಡುತ್ತಿದ್ದಳು. ಅವಳು ತಂದ ಸುದ್ದಿ ಎಲ್ಲಕ್ಕಿಂತ ಚೆನ್ನಾಗಿತ್ತು. ಅಲ್ಲಿನ ರೈತರು ಹಿಮವನ್ನು "ಬಿಳಿ ಗೊಬ್ಬರ" ಎನ್ನುತ್ತಾರಂತೆ. ಸೇಬಿನ ಮರಕ್ಕೆ ಚಳಿಗಾಲದಲ್ಲಿ ನೂರಾರು ತಾಸು ಕೊರೆವ ಚಳಿ ಬೇಕು. ಇಲ್ಲದಿದ್ದರೆ ಹೂ ಸರಿಯಾಗಿ ಬಿಡದು. ನಿಧಾನವಾಗಿ ಕರಗುವ ಹಿಮ ಬೇರಿಗೆ ನೀರುಣಿಸುತ್ತದೆ. ಹತ್ತಿರದ ಕೋಟಗಢದಲ್ಲಿ ಅಮೆರಿಕದ ತಳಿಯ ಸೇಬನ್ನು ಬೆಳೆಸಿ ಜನರಿಗೆ ದಾರಿ ತೋರಿದವರು ಸ್ಯಾಮ್ಯುಯೆಲ್ ಸ್ಟೋಕ್ಸ್. ಅಮೆರಿಕದಿಂದ 1904ರಲ್ಲಿ ಬಂದ ಅವರು ಇಲ್ಲಿಯವರೇ ಆಗಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ಮುಂದೆ ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡರು.

ನೀವೂ ಹೊರಡುವುದಾದರೆ ನನ್ನ ಸಲಹೆ ಇಷ್ಟು. ಎಂಟು ಹತ್ತು ದಿನ ಬಿಡುವಿದ್ದು, ಸ್ಕೀ ಚೆನ್ನಾಗಿ ಕಲಿಯಬೇಕೆಂದಿದ್ದರೆ ರಸ್ತೆಯ ಸ್ಥಿತಿ ವಿಚಾರಿಸಿಕೊಂಡು ಔಲಿಗೆ ಹೋಗಿ. ದಿನ ಕಡಿಮೆಯಿದ್ದು, ಪುಟ್ಟ ಮಕ್ಕಳೂ ಹಿರಿಯರೂ ಜೊತೆಗಿದ್ದರೆ ನಾರ್ಕಂಡವೇ ಸಲೀಸು. ಎರಡು ಕಡೆಯೂ ಜನವರಿ ಕೊನೆಗೆ ಮುಂಚೆ ಹಿಮವನ್ನು ನೆಚ್ಚಬೇಡಿ. ಹಿಮದ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕಪ್ಪು ಕನ್ನಡಕ ಮರೆಯಬೇಡಿ. ನೀರು ಒಳಗಿಳಿಯದ ಕೈಗವಸು ಮಕ್ಕಳಿಗೆ ಎರಡು ಜೊತೆ ಇರಲಿ.

ಹಿಮವೇ ಬೀಳದಿದ್ದರೆ? ನಮಗಾದರೆ ಒಂದು ಆಟ ತಪ್ಪುತ್ತದೆ, ಅಷ್ಟೆ. ಅಲ್ಲಿನವರಿಗೆ ಒಂದು ವರ್ಷದ ಫಸಲೇ ತಪ್ಪೀತು. ಈಗ ನಮ್ಮ ಮನೆಗೆ ಸೇಬು ತಂದಾಗಲೆಲ್ಲ ಮೊಮ್ಮಗ ಅಂಗಡಿಯವರನ್ನು ಕೇಳುತ್ತಾನೆ, "ಈ ವರ್ಷ ಅಲ್ಲಿ ಹಿಮ ಚೆನ್ನಾಗಿ ಬಿದ್ದಿತ್ತಾ?"