ಇಪ್ಪತ್ತೈದು ಕಿಲೋಮೀಟರು, ಎರಡು ರಾಜ್ಯದ ಕಾಗದ

ವಿಜಯವಾಡದ ಕನಕದುರ್ಗಮ್ಮನ ಗುಡ್ಡ ದಾಟಿ ಹೈದರಾಬಾದ್ ದಿಕ್ಕಿಗೆ ಹೊರಟರೆ ಎಡಗಡೆ ಕೃಷ್ಣೆ, ಬಲಗಡೆ ವಿದ್ಯಾಧರಪುರಂ, ಅಲ್ಲಿಂದ ಸ್ವಲ್ಪ ಮುಂದಕ್ಕೆ ನಮ್ಮ ಭವಾನಿಪುರಂ. ಪ್ರಕಾಶಂ ಬ್ಯಾರೇಜಿನ ಹಿನ್ನೀರು ಇಲ್ಲಿ ಕೆರೆಯ ಹಾಗೆ ಹರಡಿ ನಿಂತಿರುತ್ತದೆ. ನೀರಿನ ನಡುವೆ ಭವಾನಿ ದ್ವೀಪ. ಭಾನುವಾರ ಬಂತೆಂದರೆ ದೋಣಿಗೆ ಸಾಲು, ಜೋಳದ ತೆನೆ ಸುಡುವವರ ಹೊಗೆ, ಮಕ್ಕಳ ಗಲಾಟೆ. ಉಳಿದ ದಿನಗಳಲ್ಲಿ ಲಾರಿ, ಲಾರಿ, ಮತ್ತೂ ಲಾರಿ.

ನಾನು ಸಿರುಗುಪ್ಪದವನು. ಗೊಲ್ಲಪೂಡಿಯ ಹೋಲ್‌ಸೇಲ್ ಮಾರ್ಕೆಟ್ಟಿನ ಒಂದು ಬೇಳೆಕಾಳಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಊರು ಬಿಟ್ಟು ಬಂದೆವೆಂದು ಕೊರಗುವವರಿಗೆ ನಾನು ಹೇಳುವ ಮಾತು ಒಂದೇ: ನಮ್ಮೂರ ತುಂಗಭದ್ರೆ ಕರ್ನೂಲು ದಾಟಿ ಕೃಷ್ಣೆಯನ್ನು ಸೇರಿ, ಶ್ರೀಶೈಲ, ನಾಗಾರ್ಜುನಸಾಗರ ಇಳಿದು, ಕೊನೆಗೆ ಈ ಘಾಟಿನ ಮೆಟ್ಟಿಲಿಗೇ ಬರುತ್ತಾಳೆ. ಅವಳು ಬರಬಹುದಾದರೆ ನಾವು ಬರಬಾರದೇ? ಆದರೆ 2024ರ ಸೆಪ್ಟೆಂಬರಿನಲ್ಲಿ ಬ್ಯಾರೇಜಿಗೆ ಹನ್ನೊಂದು ಲಕ್ಷ ಕ್ಯೂಸೆಕ್ಸಿಗೂ ಮೇಲೆ ನೀರು ಬಂದಾಗ ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ.

ನಮ್ಮ ಓಣಿಯಲ್ಲಿ ಬಳ್ಳಾರಿ ಕಡೆಯ ಮನೆಗಳು ಕೆಲವಿವೆ. ಅದರಲ್ಲೊಂದು ಮನೆಯ ಹುಡುಗಿಗೆ ಅರಣ್ಯ ಇಲಾಖೆ ಸೇರುವ ಹುಚ್ಚು. ಅವಳ ಅಪ್ಪ ಲಾರಿ ಡ್ರೈವರ್. ಅವಳ ತಾಯಿ ನನ್ನನ್ನು ಅಣ್ಣ ಎನ್ನುವುದರಿಂದ ನಾನು ಅವಳಿಗೆ ಮಾಮ. ಇಂಟರ್ ಮುಗಿಸಿದ್ದಾಳೆ, ವಯಸ್ಸು ಇಪ್ಪತ್ತು. ಹುಲಿ ಕಾಯುವವರು ಯಾರು, ಅವರನ್ನು ಹೇಗೆ ಆರಿಸುತ್ತಾರೆ ಎಂದು ಕೇಳುತ್ತಾ ಬಂದವಳಿಗೆ ಉತ್ತರ ಹುಡುಕುತ್ತಾ ಹೋಗಿ, ಲೆಕ್ಕದ ಪುಸ್ತಕ ಬಿಟ್ಟರೆ ಬೇರೆ ಗೊತ್ತಿಲ್ಲದ ನಾನೂ ಅರ್ಧ ಅರಣ್ಯ ನೌಕರನಾಗಿದ್ದೇನೆ.

ಇಂಗ್ಲಿಷ್ ಸಿನಿಮಾ ನೋಡಿದವರು ಗೇಮ್ ವಾರ್ಡನ್ ಎನ್ನುತ್ತಾರೆ. ಬೇಟೆ ಯಾರು ಆಡಬೇಕು, ಯಾವಾಗ ಆಡಬೇಕು ಎಂದು ನೋಡಿಕೊಳ್ಳುವ ಅಧಿಕಾರಿ. ನಮ್ಮಲ್ಲೂ ಅಂಥ ಕಾಲವಿತ್ತು. ಮೈಸೂರು ಸಂಸ್ಥಾನ 1901ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳು ಮತ್ತು ಮೀನುಗಳ ರಕ್ಷಣೆಗೆ ಕಾಯಿದೆ ಮಾಡಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಮಾತು ಬೇಟೆಯಿಂದ ಕಾವಲಿಗೆ ತಿರುಗಿತು. ಇವತ್ತು ರಾಜ್ಯಕ್ಕೊಬ್ಬ ಮುಖ್ಯ ವನ್ಯಜೀವಿ ಪರಿಪಾಲಕರು, ಅವರ ಕೆಳಗೆ ವನ್ಯಜೀವಿ ಪರಿಪಾಲಕರು ಇರುತ್ತಾರೆ. ಇವರೆಲ್ಲ ದೊಡ್ಡ ಹುದ್ದೆಯವರು. ಕಾಡಿನಲ್ಲಿ ನಿಜವಾಗಿ ಕಾಲು ಸವೆಸುವವರು ಕೆಳಗಿನವರು. ಆಂಧ್ರದಲ್ಲಿ ಅವರಿಗೆ ಫಾರೆಸ್ಟ್ ಬೀಟ್ ಆಫೀಸರ್, ಅಸಿಸ್ಟೆಂಟ್ ಬೀಟ್ ಆಫೀಸರ್ ಎಂದು ಹೆಸರು. ಕರ್ನಾಟಕದಲ್ಲಿ ನಾವೆಲ್ಲ ಗಾರ್ಡು ಎಂದು ಕರೆಯುತ್ತಿದ್ದವನಿಗೆ ಈಗ ಗಸ್ತು ಅರಣ್ಯ ಪಾಲಕ ಎನ್ನುತ್ತಾರೆ. ಹೆಸರು ಬದಲಾದರೂ ಗಸ್ತು ಅದೇ.

2025ರ ಜುಲೈನಲ್ಲಿ ಆಂಧ್ರದ ಲೋಕಸೇವಾ ಆಯೋಗ ಬೀಟ್ ಆಫೀಸರ್ 256, ಅಸಿಸ್ಟೆಂಟ್ ಬೀಟ್ ಆಫೀಸರ್ 435, ಒಟ್ಟು 691 ಹುದ್ದೆಗೆ ಅರ್ಜಿ ಕರೆಯಿತು. ಓದು ಇಂಟರ್ ಸಾಕು. ಗಂಡಸರು 163 ಸೆಂಟಿಮೀಟರು, ಹೆಂಗಸರು 150 ಸೆಂಟಿಮೀಟರು ಎತ್ತರ ಇರಬೇಕು. ಉಸಿರೆಳೆದಾಗ ಎದೆ 5 ಸೆಂಟಿಮೀಟರು ಹಿಗ್ಗಬೇಕು. ಲಿಖಿತ ಪರೀಕ್ಷೆ ದಾಟಿದವರಿಗೆ ನಡಿಗೆ: ನಾಲ್ಕು ತಾಸಿನಲ್ಲಿ ಗಂಡಸರಿಗೆ 25 ಕಿಲೋಮೀಟರು, ಹೆಂಗಸರಿಗೆ 16. ಬೀಟ್ ಆಫೀಸರನ ಸಂಬಳದ ಶ್ರೇಣಿ 25,220ರಿಂದ ಶುರು. ನಮ್ಮ ಹುಡುಗಿ ನೂರೈವತ್ತೊಂದೂವರೆ ಸೆಂಟಿಮೀಟರು. ಟೈಲರ್ ಅಂಗಡಿಯ ಟೇಪು ತಂದು ಮೂರು ಸಲ ಅಳೆಸಿಕೊಂಡಳು.

ಎತ್ತರದ್ದೇನೋ ದಾಟಿತು. ತೊಡಕು ಬಂದದ್ದು ಕಾಗದದಲ್ಲಿ. ಹೊರನಾಡಿನಲ್ಲಿ ಮಕ್ಕಳನ್ನು ಓದಿಸುವವರೆಲ್ಲ ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಆಂಧ್ರದಲ್ಲಿ ಸಂವಿಧಾನದ 371ಡಿ ವಿಧಿಯ ಕೆಳಗೆ 1975ರಲ್ಲಿ ಬಂದ ರಾಷ್ಟ್ರಪತಿ ಆದೇಶವೊಂದಿದೆ. ಅದರ ಪ್ರಕಾರ ಜಿಲ್ಲಾ ಮಟ್ಟದ ಕೆಳಹಂತದ ಹುದ್ದೆಗಳಲ್ಲಿ ನೂರಕ್ಕೆ 80 ಲೋಕಲ್ ಅಭ್ಯರ್ಥಿಗಳಿಗೆ. ಲೋಕಲ್ ಎಂದರೆ ಇಲ್ಲಿ ಮನೆ ಕಟ್ಟಿದವರಲ್ಲ, ರೇಷನ್ ಕಾರ್ಡು ಪಡೆದವರೂ ಅಲ್ಲ. ಮುಖ್ಯವಾಗಿ ನೋಡುವುದು ಶಾಲೆಯನ್ನು. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಅದೇ ಪ್ರದೇಶದಲ್ಲಿ ಸತತ ನಾಲ್ಕು ವರ್ಷ ಓದಿರಬೇಕು. ಈ ಹುಡುಗಿ ಎಂಟನೆಯವರೆಗೆ ಸಿರುಗುಪ್ಪದಲ್ಲಿ ಕನ್ನಡ ಶಾಲೆಯಲ್ಲಿದ್ದಳು. ಒಂಬತ್ತು, ಹತ್ತು ಇಲ್ಲಿ. ಎರಡೇ ವರ್ಷ. ಅಲ್ಲಿಗೆ ಅವಳು ನಾನ್ ಲೋಕಲ್. ಅಪ್ಪ ಆರನೆಯ ತರಗತಿ ಮುಗಿದಾಗಲೇ ಸಂಸಾರ ತಂದಿದ್ದರೆ ಲೆಕ್ಕ ಬೇರೆ ಆಗುತ್ತಿತ್ತು. ಲಾರಿ ಓಡಿಸುವವನು ಮನೆ ಬದಲಾಯಿಸುವಾಗ ಬಾಡಿಗೆ ನೋಡುತ್ತಾನೆಯೇ ಹೊರತು ರಾಷ್ಟ್ರಪತಿ ಆದೇಶ ನೋಡುತ್ತಾನೆಯೇ?

ಎರಡನೆಯ ಗಂಟು ಜಾತಿ ಪ್ರಮಾಣಪತ್ರ. ಅವರು ನಾಯಕ ಸಮುದಾಯದವರು. 1991ರಿಂದ ಕರ್ನಾಟಕದಲ್ಲಿ ನಾಯಕರು, ಬೇಡರು, ವಾಲ್ಮೀಕಿಗಳು ಪರಿಶಿಷ್ಟ ಪಂಗಡದಲ್ಲಿದ್ದಾರೆ. ಗಡಿ ದಾಟಿದರೆ ಅದೇ ಜನ ವಾಲ್ಮೀಕಿ ಬೋಯ ಎಂಬ ಹೆಸರಿನಲ್ಲಿ ಹಿಂದುಳಿದವರ ಎ ಗುಂಪಿನಲ್ಲಿ ಬರುತ್ತಾರೆ. ವಾಲ್ಮೀಕಿಗಳು ಪಂಗಡದವರೆನಿಸಿಕೊಳ್ಳುವುದು ವಿಶಾಖಪಟ್ಟಣದ ಕಡೆಯ ಏಜೆನ್ಸಿ ಪ್ರದೇಶಗಳಲ್ಲಿ ಮಾತ್ರ. ಪರಿಶಿಷ್ಟ ಪಟ್ಟಿ ರಾಜ್ಯಕ್ಕೊಂದು. ಒಂದು ರಾಜ್ಯದ ಮೀಸಲಾತಿಯನ್ನು ಹೊತ್ತುಕೊಂಡು ಇನ್ನೊಂದು ರಾಜ್ಯದ ಕೆಲಸಕ್ಕೆ ಹೋಗಲು ಆಗುವುದಿಲ್ಲ. ಸಿರುಗುಪ್ಪದಲ್ಲಿ ಒಂದು, ಭವಾನಿಪುರದಲ್ಲಿ ಇನ್ನೊಂದು. ಹುಡುಗಿ ಮಾತ್ರ ಒಬ್ಬಳೇ.

ಅವಳು ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾಮ, ನಮ್ಮಜ್ಜ ಬೇಟಿಗೆ ಹೋಗುವಾಗ ಯಾವ ರಾಜ್ಯದ ಅಡವಿ ಅಂತ ಕೇಳಿದ್ನಂತೇನು? ನಂದು ಕಾವಲು ಕೆಲಸ. ಅದಕ್ಕೆ ಇಷ್ಟು ಕೇಳ್ತಾರ" ಅಂದಳು.

ಕಾಗದದ ಕೆಲಸ ತಾಲೂಕು ಆಫೀಸಿನವರದ್ದು, ಕಾಲಿನ ಕೆಲಸ ನಮ್ಮದು ಎಂದುಕೊಂಡು ಒಂದು ಭಾನುವಾರ ಬೆಳಗಿನ ನಾಲ್ಕೂವರೆಗೆ ಹೊರಟೆವು. ಅವಳು ನಡಿಗೆ, ನಾನು ಹಿಂದೆ ಸ್ಕೂಟರು. ಹೆಣ್ಣುಮಕ್ಕಳಿಗೆ ಹದಿನಾರು ಸಾಕು, ಗುಂಟುಪಲ್ಲಿವರೆಗೆ ಹೋಗಿ ತಿರುಗೋಣ ಎಂದೆ. ಅವಳು ಒಪ್ಪಲಿಲ್ಲ. "ಹೆಣ್ಮಕ್ಕಳಿಗೆ ಅಂತ ಅಡವಿ ಒಂಬತ್ತು ಕಿಲೋಮೀಟರು ಕಮ್ಮಿ ಆಗ್ತೈತೇನು?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಬ್ರಾಹಿಂಪಟ್ಟಣದವರೆಗೆ ಹೋಗಿ ಬರುವುದೆಂದಾಯಿತು.

ಗೊಲ್ಲಪೂಡಿಯ ಮಾರ್ಕೆಟ್ಟಿನ ಮುಂದೆ ಆ ಹೊತ್ತಿಗಾಗಲೇ ಹಮಾಲರು ಚಹಾ ಕುಡಿಯುತ್ತಿದ್ದರು. ನನ್ನ ಗುರುತಿನ ಒಬ್ಬ ಕೂಗಿ ಕೇಳಿದ: ಲೆಕ್ಕದ ಅಯ್ಯಾ, ಹುಡುಗಿಯನ್ನು ನಡೆಸಿ ತಾನು ಗಾಡಿಯಲ್ಲಿ ಹೋಗುವುದು ಯಾವ ನ್ಯಾಯ? ಅವಳು ನಕ್ಕು ನಡಿಗೆ ಜೋರು ಮಾಡಿದಳು. ಮುಂದೆ ರೈಲ್ವೆಯ ವ್ಯಾಗನ್ ವರ್ಕ್‌ಶಾಪಿನ ಗುಂಟುಪಲ್ಲಿ. ಅಲ್ಲಿ ಬೆಳಕು ಹರಿಯಿತು. ದೂರದಲ್ಲಿ ಥರ್ಮಲ್ ಸ್ಟೇಷನ್ನಿನ ಚಿಮಣಿಗಳು, ಅವುಗಳ ಆಚೆ ಕೊಂಡಪಲ್ಲಿಯ ಗುಡ್ಡಗಳು. ಹೆದ್ದಾರಿಯ ಮೇಲೆ ನಡೆಯುವುದು ಕಾಡಿನಲ್ಲಿ ನಡೆದಂತೆ ಆಗುವುದಿಲ್ಲ ಎಂಬುದು ನನ್ನ ಅಂದಾಜು. ಕಾಡಿನಲ್ಲಿ ಹಿಂದಿನಿಂದ ಕಾಂಕ್ರೀಟ್ ಮಿಕ್ಸರ್ ಹಾರ್ನ್ ಹೊಡೆಯುವುದಿಲ್ಲ.

ಹದಿನಾರನೆಯ ಕಿಲೋಮೀಟರು ಮುಗಿದಾಗ ಎರಡು ತಾಸು ನಲವತ್ತು ನಿಮಿಷ. ಹೆಂಗಸರ ಪರೀಕ್ಷೆ ಅಲ್ಲಿಗೇ ಪಾಸು. ಆಮೇಲೆ ಬಿಸಿಲೇರಿತು, ಎಡಗಾಲಿನ ಬೂಟು ಕಚ್ಚತೊಡಗಿತು. ಇಪ್ಪತ್ತೈದು ಮುಗಿಸುವಾಗ ನಾಲ್ಕು ತಾಸು ಹದಿನೆಂಟು ನಿಮಿಷ. ಹದಿನೆಂಟು ನಿಮಿಷಕ್ಕಾಗಿ ಅವಳು ಬೇಸರಪಟ್ಟದ್ದನ್ನು ನೋಡಿದರೆ ನಮ್ಮ ಅಂಗಡಿಯಲ್ಲಿ ಹದಿನೆಂಟು ಸಾವಿರ ಲೆಕ್ಕ ತಪ್ಪಿದ ಹಾಗಿತ್ತು.

ಇಬ್ರಾಹಿಂಪಟ್ಟಣದಲ್ಲಿ ನಿಂತು ನೀರು ಕುಡಿಯುವಾಗ ಕೊಂಡಪಲ್ಲಿಯ ಗುಡ್ಡ ತೋರಿಸಿ ಹೇಳಿದ್ದೆ: ನಮ್ಮ ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯಲ್ಲಿ ಗೆದ್ದ ಕೋಟೆ ಅಲ್ಲಿದೆ, ಇಲ್ಲಿಂದ ಮುಂದಕ್ಕೆ ಸಿಂಹಾಚಲದವರೆಗೆ ಹೋಗಿ 1516ರಲ್ಲಿ ಶಾಸನ ಹಾಕಿಸಿದ. ಅವಳಿಗೆ ರಾಯನಿಗಿಂತ ಗುಡ್ಡದ ಮರದ ಮೇಲೆ ಆಸೆ. ಕೊಂಡಪಲ್ಲಿಯ ಗೊಂಬೆಗಳನ್ನು ಕೆತ್ತುವುದು ತೆಲ್ಲ ಪೊಣಿಕಿ ಎಂಬ ಹಗುರ ಮರದಿಂದ. ಆ ಮರ ಆ ಗುಡ್ಡಗಳದ್ದು, ಈಗ ಸಿಗುವುದು ಕಷ್ಟವಾಗುತ್ತಿದೆ. ನಮ್ಮ ಚನ್ನಪಟ್ಟಣದವರಿಗೆ ಆಲೆ ಮರ ಇದ್ದಂತೆ ಇವರಿಗೆ ಅದು. ಬೀಟ್ ಕಾಯುವವರ ಕೆಲಸ ಹುಲಿಯ ಹಿಂದೆ ಹೋಗುವುದಷ್ಟೇ ಅಲ್ಲ. ಮರ ಕಡಿಯುವವನು ಗೊಂಬೆಗಾಗಿ ಒಂದು ಕೊಂಬೆ ಒಯ್ದನೋ, ಲಾರಿ ತುಂಬ ಒಯ್ದನೋ ಎಂದು ನೋಡುವುದೂ ಅದರಲ್ಲಿ ಸೇರಿದೆ. ಸಮುದ್ರದ ಕಡೆ ಹೋದರೆ ಕೃಷ್ಣಾ ವನ್ಯಜೀವಿಧಾಮದ ಕಾಂಡ್ಲಾ ಕಾಡಿನಲ್ಲಿ ಮೀನು ಹಿಡಿದು ತಿನ್ನುವ ಬೆಕ್ಕು, ದಂಡೆಯಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆ. ಹಿಂದಕ್ಕೆ, ನದಿಯ ಮೇಲ್ದಾರಿಗೆ ಹೋದರೆ ನಲ್ಲಮಲದ ಹುಲಿ ಮೀಸಲು ಪ್ರದೇಶ, ದೇಶದಲ್ಲೇ ದೊಡ್ಡದು. ಅಲ್ಲಿ ಕಳ್ಳಬೇಟೆ ತಡೆಯುವ ಶಿಬಿರಗಳಲ್ಲಿ ಇರುವವರಲ್ಲಿ ಹೆಚ್ಚಿನವರು ಚೆಂಚು ಜನ, ನಮ್ಮ ನಾಗರಹೊಳೆಯಲ್ಲಿ ಜೇನುಕುರುಬರು ಇರುವ ಹಾಗೆ. ಹೆಜ್ಜೆ ಗುರುತು ನೋಡಿ ಗಂಡೋ ಹೆಣ್ಣೋ ಹೇಳಬಲ್ಲವರಿಗೆ ದಿನಗೂಲಿ, ಇಂಟರ್ ಪಾಸಾದವರಿಗೆ ಶ್ರೇಣಿ. ಇದು ನನಗೆ ಸರಿ ಕಾಣುವುದಿಲ್ಲ. ಅವಳೂ ಇಂಟರ್ ಪಾಸಾದವಳೇ ಆದ್ದರಿಂದ ಅಂದು ಈ ಮಾತು ಬೆಳೆಸಲಿಲ್ಲ.

ಅವಳ ತಾಯಿಗೆ ಮಾತ್ರ ಇದೆಲ್ಲ ಸಮಾಧಾನವಿಲ್ಲ. "ಅಣ್ಣ, ಓದಿದ ಹುಡುಗಿ ಅಡವಿ ಕಾಯಾಕ ಹೋಗಬೇಕೇನು? ಹಾವು ಇರ್ತಾವು, ಕಳ್ಳರು ಇರ್ತಾರು." ಇಲ್ಲವೆಂದು ಹೇಳಲು ಬಾಯಿ ಬರಲಿಲ್ಲ. ಇಲ್ಲಿಂದ ಮೂರು ತಾಸಿನ ದಾರಿಯ ರಾಜಮಂಡ್ರಿಯಲ್ಲಿ ಹುಟ್ಟಿದ ಪಿ. ಶ್ರೀನಿವಾಸ್ ಭಾರತೀಯ ಅರಣ್ಯ ಸೇವೆಗೆ ಸೇರಿ ನಮ್ಮ ಕರ್ನಾಟಕಕ್ಕೆ ಬಂದವರು. ವೀರಪ್ಪನ್ನನ ಊರಾದ ಗೋಪಿನಾಥಂನಲ್ಲಿ ಜನರ ನಡುವೆ ಇದ್ದು, ಮಾರಿಯಮ್ಮನ ಗುಡಿ ಕಟ್ಟಿಸಿ, ಅವನ ಜೊತೆಗಾರರನ್ನು ಒಬ್ಬೊಬ್ಬರಾಗಿ ಶರಣಾಗತಿಗೆ ಒಲಿಸುತ್ತಿದ್ದರು. ವೀರಪ್ಪನ್ನೇ ಶರಣಾಗುತ್ತಾನೆಂಬ ಮಾತು ನಂಬಿ ಆಯುಧವಿಲ್ಲದೆ ಹೋದರು. 1991ರ ನವೆಂಬರ್ 10ರಂದು ಕೊಂದುಹಾಕಿದರು. ಸತ್ತ ಮೇಲೆ ಕೀರ್ತಿ ಚಕ್ರ ಬಂತು. ಕೊಳ್ಳೇಗಾಲದ ಕಡೆಯವರು ಇವತ್ತಿಗೂ ಅವರ ಹೆಸರು ಹೇಳುತ್ತಾರೆ. ಭವಾನಿಪುರದ ಚಹಾದಂಗಡಿಯಲ್ಲಿ ಕೇಳಿದರೆ ವೀರಪ್ಪನ್ ಎಲ್ಲರಿಗೂ ಗೊತ್ತು, ಶ್ರೀನಿವಾಸ್ ಯಾರಿಗೂ ಗೊತ್ತಿಲ್ಲ.

ತಾಯಿಗೆ ಇದನ್ನು ಹೇಳಲಿಲ್ಲ. ಮಗಳಿಗೆ ಹೇಳಿದೆ. ಕಾಡಿಗೆ ಹೋಗುವವಳು ತಿಳಿದೇ ಹೋಗಬೇಕು. ನಾಗರಹೊಳೆಯ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಬದುಕಿನ ಕತೆ 'ಕಾಡಿನೊಳಗೊಂದು ಜೀವ' ಪುಸ್ತಕವನ್ನು ಊರಿಂದ ತರಿಸಿ ಕೊಟ್ಟೆ. 1967ರಲ್ಲಿ ಫಾರೆಸ್ಟರ್ ಆಗಿ ಸೇರಿದ ಮನುಷ್ಯ, 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎಂಟನೆಯವರೆಗೆ ಓದಿದ ಕನ್ನಡ ಈಗ ಅವಳಿಗೆ ಉಪಯೋಗಕ್ಕೆ ಬಂತು. ಎರಡು ರಾತ್ರಿಯಲ್ಲಿ ಮುಗಿಸಿದಳು.

ನಾನೂ ಅವಳ ಅಪ್ಪನೂ ಕೂತು ನೋಡಿದರೆ ದಾರಿ ಮೂರು. ಇಲ್ಲೇ ನಾನ್ ಲೋಕಲ್ ಆಗಿ, ಮೀಸಲಾತಿ ಇಲ್ಲದೆ ಬರೆಯುವುದು. ಇಲ್ಲವೇ ಡಿಗ್ರಿ ಮುಗಿಸಿ ಶ್ರೀನಿವಾಸರ ಹಾಗೆ ಅರಣ್ಯ ಸೇವೆಯ ಪರೀಕ್ಷೆ ಬರೆಯುವುದು. ಅದಕ್ಕೆ ವಿಜ್ಞಾನದ ಅಥವಾ ಕೃಷಿ, ಎಂಜಿನಿಯರಿಂಗಿನ ಪದವಿ ಬೇಕು. ಅಲ್ಲಿ ಲೋಕಲ್ಲು ನಾನ್ ಲೋಕಲ್ಲು ಇಲ್ಲ, ಕರ್ನಾಟಕದ ಪಂಗಡ ಪ್ರಮಾಣಪತ್ರವೂ ನಡೆಯುತ್ತದೆ. ಮೂರನೆಯದು ಕರ್ನಾಟಕದ ಗಸ್ತು ಅರಣ್ಯ ಪಾಲಕ. 2023ರ ಕೊನೆಯಲ್ಲಿ 540 ಹುದ್ದೆಗೆ ಕರೆದಿದ್ದರು. ಅಲ್ಲಿ ಪಿಯುಸಿ ಅಂಕ ನೋಡಿ, ಓಟ, ಜಿಗಿತ, ಗುಂಡು ಎಸೆತ ಇಡುತ್ತಾರೆ. ಬಳ್ಳಾರಿ 371ಜೆ ವಿಧಿಯ ಕಲ್ಯಾಣ ಕರ್ನಾಟಕದ ಜಿಲ್ಲೆ, ಮತ್ತು ಆ ವಿಧಿ ಆ ಪ್ರದೇಶದಲ್ಲಿ ವಾಸ ಇರುವವರಿಗಷ್ಟೇ ಅಲ್ಲ, ಹುಟ್ಟಿನಿಂದ ಅಲ್ಲಿಗೆ ಸೇರಿದವರಿಗೂ ಅನ್ವಯಿಸುತ್ತದೆ. ಸಿರುಗುಪ್ಪದ ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ್ದಾಳೆ. ಜನನ ಪತ್ರ ತವರಿನ ಟ್ರಂಕಿನಲ್ಲಿದೆಯಂತೆ.

ದಸರಾ ಮುಗಿದ ಮೇಲೆ ಅಪ್ಪ ಬಳ್ಳಾರಿ ಕಡೆ ಲೋಡ್ ಹಿಡಿದು, ಮಗಳನ್ನೂ ಕೂರಿಸಿಕೊಂಡು ಹೋದ. ಜನನ ಪತ್ರ, ಶಾಲೆಯ ವ್ಯಾಸಂಗ ಪತ್ರ, ಅಜ್ಜನ ಜಾತಿಯ ಹಳೆಯ ದಾಖಲೆ, ನಾಲ್ಕು ಫೋಟೋ. ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಮೂರನೆಯ ದಿನ ವಾಪಸು ಬಂದರು. ಬರುತ್ತಾ ಗಂಗಾವತಿ ಅಕ್ಕಿಯ ಇಪ್ಪತ್ತೈದು ಕಿಲೋ ಚೀಲ, ಹೊಸ ಬೂಟು ತಂದರು. ಬೂಟು ಒಂದು ಸೈಜ್ ದೊಡ್ಡದು. ದಪ್ಪ ಕಾಲುಚೀಲ ಹಾಕಿಕೊಂಡರೆ ಸರಿಹೋಗುತ್ತದೆ ಅಂದಳು.