ಖಾಲಿ ಉಳಿದ ಹನ್ನೊಂದು ಸ್ಥಾನಗಳು

1958ರ ಫೆಬ್ರವರಿ 19ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣದಲ್ಲಿ ಸುಮಾರು ಅರವತ್ತು ಸಾವಿರ ಜನ ನೆರೆದಿದ್ದರು. ಅವರು ಕೊಂಡ ಪಂದ್ಯದ ಪತ್ರಿಕೆಯಲ್ಲಿ ಎದುರಾಳಿಗಳಾದ ಶೆಫೀಲ್ಡ್ ವೆನ್ಸ್‌ಡೇ ತಂಡದ ಹೆಸರುಗಳು ಕ್ರಮವಾಗಿ ಅಚ್ಚಾಗಿದ್ದವು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಹನ್ನೊಂದು ಸ್ಥಾನಗಳು ಮಾತ್ರ ಖಾಲಿಯಾಗಿದ್ದವು. ಯಾರು ಆಡುವರೆಂಬುದು ಅಚ್ಚಿಗೆ ಹೋಗುವ ಹೊತ್ತಿಗೆ ಯಾರಿಗೂ ತಿಳಿದಿರಲಿಲ್ಲ.

ಹದಿಮೂರು ದಿನಗಳ ಹಿಂದೆ, ಬೆಲ್‌ಗ್ರೇಡಿನಲ್ಲಿ ಆಡಿ ಮರಳುತ್ತಿದ್ದ ತಂಡದ ವಿಮಾನವು ಮ್ಯೂನಿಕ್‌ನಲ್ಲಿ ಇಂಧನಕ್ಕಾಗಿ ಇಳಿದು, ಮತ್ತೆ ಮೇಲೇರಲು ಮೂರನೆಯ ಬಾರಿ ಯತ್ನಿಸುವಾಗ ಅಪಘಾತಕ್ಕೀಡಾಗಿತ್ತು. ಆ ದುರಂತದಿಂದ ಮಡಿದವರು ಒಟ್ಟು 23 ಮಂದಿ. ಅವರಲ್ಲಿ ಎಂಟು ಮಂದಿ ಆಟಗಾರರು.

1945ರಲ್ಲಿ ತಂಡದ ಹೊಣೆ ಹೊತ್ತ ಮ್ಯಾಟ್ ಬಸ್ಬಿ, ಆಟಗಾರರನ್ನು ಕೊಳ್ಳುವುದಕ್ಕಿಂತ ಬೆಳೆಸುವುದೇ ಲೇಸೆಂದು ನಂಬಿದ್ದರು. ಶಾಲಾ ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದ ಹುಡುಗರನ್ನು ಹದಿನೈದರ ಹರೆಯದಲ್ಲೇ ಕರೆತಂದು ಅವರ ಸಹಾಯಕರಾದ ಜಿಮ್ಮಿ ಮರ್ಫಿಯವರ ಕೈಗೆ ಒಪ್ಪಿಸಲಾಗುತ್ತಿತ್ತು. ಮೊದಲು ಕಿರಿಯರ ತಂಡ. ಬಳಿಕ ಮೀಸಲು ತಂಡ. ಅದೃಷ್ಟವಿದ್ದರೆ ಮೊದಲ ತಂಡ. 1953ರಲ್ಲಿ ಕಿರಿಯರಿಗಾಗಿ ಮೊದಲ ಸಲ ನೀಡಲಾದ ರಾಷ್ಟ್ರೀಯ ಕಪ್ಪನ್ನು ಮರ್ಫಿಯವರ ಹುಡುಗರು ಸತತವಾಗಿ ಐದು ವರ್ಷ ಗೆದ್ದರು.

ಆದರೆ ಮೀಸಲು ತಂಡದ ಬಾಳು ಕಾಯುವವನ ಬಾಳು. ಮೊದಲ ತಂಡದ ಆಟಕ್ಕೆ ಜನ ಕಿಕ್ಕಿರಿದರೆ, ಇವರ ಆಟವನ್ನು ನೋಡುವವರು ವಿರಳ. ಮೇಲಿನವನ ಮೊಣಕಾಲು ನೊಂದರೆ ಅಥವಾ ಅವನ ಆಟ ಮಂಕಾದರೆ ಮಾತ್ರ ಕೆಳಗಿನವನಿಗೆ ಸರದಿ. ತನ್ನ ಭಾಗ್ಯವನ್ನು ಬಯಸುವಾಗಲೇ ಗೆಳೆಯನ ಕೇಡನ್ನೂ ಬಯಸಿದಂತಾಗುವ ಈ ಇಕ್ಕಟ್ಟು ಎಳೆಯರಿಗೆ ಸುಲಭವಾದುದಲ್ಲ. ಹೀಗೆ ಕಾದಿದ್ದ ಹುಡುಗರ ಮುಂದೆ ಈಗ ಬಾಗಿಲು ಒಮ್ಮೆಗೇ ತೆರೆದಿತ್ತು. ತೆರೆದ ಬಗೆಯನ್ನು ಅವರಲ್ಲಿ ಯಾರೂ ಬಯಸಿರಲಿಲ್ಲ.

ಮರ್ಫಿ ಆ ವಿಮಾನದಲ್ಲಿರಲಿಲ್ಲ. ವೇಲ್ಸ್ ದೇಶದ ತಂಡದ ಹೊಣೆಯೂ ಅವರದಾಗಿದ್ದುದರಿಂದ ಪಂದ್ಯಕ್ಕಾಗಿ ಕಾರ್ಡಿಫ್ ನಗರಕ್ಕೆ ಹೋಗಿದ್ದರು. ಬಸ್ಬಿ ಮ್ಯೂನಿಕ್‌ನ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಹೋರಾಡುತ್ತಿದ್ದಾಗ, ತಾವೇ ತಿದ್ದಿ ಬೆಳೆಸಿದ ಹುಡುಗರ ಶವಸಂಸ್ಕಾರಗಳ ನಡುವೆಯೇ ಮರ್ಫಿ ಹೊಸ ತಂಡವನ್ನು ಕಟ್ಟಬೇಕಾಯಿತು. ದುಃಖದ ನಗರದಿಂದ ದೂರವಿರಲೆಂದು ಉಳಿದ ಆಟಗಾರರನ್ನು ಕಡಲ ದಂಡೆಯ ಬ್ಲ್ಯಾಕ್‌ಪೂಲಿಗೆ ಕರೆದೊಯ್ದರು. ಅಪಘಾತದಲ್ಲಿ ಬದುಕುಳಿದ ಗ್ರೆಗ್ ಮತ್ತು ಫೌಲ್ಕ್ಸ್ ಕಣಕ್ಕಿಳಿಯಲು ಒಪ್ಪಿದರು. ಬೇರೆ ಕ್ಲಬ್ಬುಗಳಿಂದ ಇಬ್ಬರು ಬಂದರು. ಅವರಲ್ಲಿ ಒಬ್ಬನು ಕರಾರಿಗೆ ಸಹಿ ಹಾಕಿದ್ದು ಪಂದ್ಯಕ್ಕೆ ಸ್ವಲ್ಪವೇ ಮುಂಚೆ. ಮಿಕ್ಕ ಏಳು ಸ್ಥಾನಗಳನ್ನು ಮೀಸಲು ಆಟಗಾರರೂ ಕಿರಿಯರೂ ತುಂಬಿದರು.

ಇಪ್ಪತ್ತು ವರ್ಷದ ಷೇ ಬ್ರೆನನ್ ಅವರಲ್ಲಿ ಒಬ್ಬ. ಮೊದಲ ತಂಡದ ಪರವಾಗಿ ಅವನು ಅದುವರೆಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮೈದಾನದ ಮೂಲೆಯಿಂದ ಅವನು ಒದ್ದ ಚೆಂಡೇ ಮೊದಲ ಗೋಲಾಯಿತು. ಎರಡನೆಯದೂ ಅವನದೇ. ಹದಿನೆಂಟು ತುಂಬಲು ಇನ್ನೂ ಎರಡು ದಿನವಿದ್ದ ಅಲೆಕ್ಸ್ ಡಾಸನ್ ಮೂರನೆಯದನ್ನು ಹೊಡೆದ. ಶೆಫೀಲ್ಡಿನವರು ಒಂದನ್ನೂ ಗಳಿಸಲಿಲ್ಲ. ಇಂಥ ರಾತ್ರಿ ಎದುರಾಳಿಗಳಾಗಿ ನಿಲ್ಲಬೇಕಾಗಿ ಬಂದ ಅವರ ಪಾಡೂ ಮರುಕ ಹುಟ್ಟಿಸುವಂಥದೇ.

ಡಾಸನ್ನನ ಹುಟ್ಟುಹಬ್ಬದ ದಿನವೇ, ಫೆಬ್ರವರಿ 21ರಂದು, ಡಂಕನ್ ಎಡ್ವರ್ಡ್ಸ್ ಮ್ಯೂನಿಕ್‌ನ ಆಸ್ಪತ್ರೆಯಲ್ಲಿ ಕಣ್ಮುಚ್ಚಿದ. ಕಿರಿಯರ ತಂಡದಲ್ಲಿ ಬೆಳೆದು, ಹದಿನಾರರಲ್ಲೇ ಮೊದಲ ತಂಡವನ್ನು ಸೇರಿದ್ದ ಅವನಿಗೆ ಆಗ ಇಪ್ಪತ್ತೊಂದು ವರ್ಷ. ಮರ್ಫಿಯವರ ತಂಡ ಮೇ ತಿಂಗಳಲ್ಲಿ ಕಪ್ಪಿನ ಅಂತಿಮ ಪಂದ್ಯದವರೆಗೂ ಏರಿತು. ಅಲ್ಲಿ ಬೋಲ್ಟನ್ ತಂಡಕ್ಕೆ ಸೋತಿತು.

ಹತ್ತು ವರ್ಷಗಳ ಬಳಿಕ, 1968ರ ಮೇ 29ರಂದು, ಅದೇ ಕ್ಲಬ್ಬು ಪೋರ್ಚುಗಲ್ಲಿನ ಬೆನ್ಫಿಕಾ ತಂಡವನ್ನು ಸೋಲಿಸಿ ಯೂರೋಪಿನ ಕಪ್ಪನ್ನು ಗೆದ್ದಿತು. ಚೇತರಿಸಿಕೊಂಡ ಬಸ್ಬಿಯವರು ಅಂಚಿನಲ್ಲಿ ಕುಳಿತು ಆ ಆಟವನ್ನು ನೋಡಿದರು. ಮೈದಾನದ ಬಲಬದಿಯಲ್ಲಿ ಗೋಲನ್ನು ಕಾಯುತ್ತಿದ್ದವನು ಷೇ ಬ್ರೆನನ್.