ನೋವಿಲ್ಲದ ದಿನಗಳು

ಮನುಷ್ಯನ ದೇಹವನ್ನು ಆಶ್ರಯಿಸಿದ ವ್ಯಾಧಿಗಳಲ್ಲಿ ಬಹುಪಾಲು, ಊಟಕ್ಕೆ ಕುಳಿತಾಗಲೋ ಮೆಟ್ಟಿಲು ಹತ್ತುವಾಗಲೋ, ದಿನಕ್ಕೊಮ್ಮೆಯಾದರೂ ತಮ್ಮ ಇರವನ್ನು ತಿಳಿಸುತ್ತಲೇ ಇರುತ್ತವೆ. ಆದುದರಿಂದ ಅವುಗಳನ್ನು ಮರೆಯುವುದು ರೋಗಿಗೆ ಸಾಧ್ಯವಾಗುವುದಿಲ್ಲ. ಬಹುಕಾಲದಿಂದ ನಾನು ಜೊತೆಯಲ್ಲಿಟ್ಟುಕೊಂಡು ಬಾಳುತ್ತಿರುವ ವ್ಯಾಧಿಯ ನಡತೆ ಬೇರೆ. ವೈದ್ಯರು ಗೌಟ್ ಎಂದೂ ಜನರು ‘ಯೂರಿಕ್ ಆಸಿಡ್ ತೊಂದರೆ’ ಎಂದೂ ಕರೆಯುವ ಇದು ಒಂದು ರಾತ್ರಿ ಬಂದೆರಗಿ, ವಾರ ಹತ್ತು ದಿನ ಕಾಲನ್ನು ನೆಲಕ್ಕೆ ಊರಗೊಡದೆ ಪೀಡಿಸಿ, ಆಮೇಲೆ ತಾನು ಬಂದೇ ಇರಲಿಲ್ಲವೆಂಬಂತೆ ಹೊರಟುಹೋಗುತ್ತದೆ. ಮತ್ತೆ ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಅದರ ಸುದ್ದಿಯೇ ಇರುವುದಿಲ್ಲ. ನೋವಿನ ಆ ಕೆಲವು ದಿನಗಳನ್ನು ಕುರಿತು ಈ ರೋಗವುಳ್ಳವರೆಲ್ಲರಿಗೂ ಹೇಳಲು ಬೇಕಾದಷ್ಟಿದೆ. ನಾನು ಮುಖ್ಯವಾಗಿ ಹೇಳಬಯಸುವುದು ನೋವಿಲ್ಲದ ಆ ದೀರ್ಘಾವಧಿಯನ್ನು ಕುರಿತು. ಏಕೆಂದರೆ ಈ ವ್ಯಾಧಿ ಬಲಿಯುವುದೂ ಆಗಲೇ, ಇದನ್ನು ಹತೋಟಿಗೆ ತರಬಹುದಾದುದೂ ಆಗಲೇ.

ಆದರೂ ನೋವಿನ ಸ್ವರೂಪವನ್ನು ತಿಳಿಸದೆ ಮುಂದುವರಿದರೆ, ಇಷ್ಟೊಂದು ಜಾಗರೂಕತೆ ಏತಕ್ಕೆಂದು ಓದುಗರು ಕೇಳಿಯಾರು. ಲಂಡನ್ನಿನಲ್ಲಿ ವೈದ್ಯನಾಗಿದ್ದ ಥಾಮಸ್ ಸಿಡನ್‌ಹ್ಯಾಮ್ 1683ರಲ್ಲಿ ಈ ರೋಗವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ದಶಕಗಳ ಪರ್ಯಂತ ತಾನೇ ಇದನ್ನು ಅನುಭವಿಸಿದವನಾದುದರಿಂದ ಅವನ ವರ್ಣನೆಗೆ ಈಗಲೂ ಸಾಟಿಯಿಲ್ಲ: ಆರೋಗ್ಯವಾಗಿ ಮಲಗಿದ ಮನುಷ್ಯನು ರಾತ್ರಿ ಎರಡು ಗಂಟೆಯ ವೇಳೆಗೆ ಕಾಲಿನ ಹೆಬ್ಬೆರಳಿನ ನೋವಿನಿಂದ ಎಚ್ಚರಗೊಳ್ಳುತ್ತಾನೆ, ಅದು ಏರುತ್ತ ಏರುತ್ತ ಹೊದಿಕೆಯ ಭಾರವನ್ನಾಗಲಿ, ಕೋಣೆಯಲ್ಲಿ ಬೇರೊಬ್ಬರು ನಡೆದಾಡಿದ ಅದುರನ್ನಾಗಲಿ ಸಹಿಸಲಾಗದ ಸ್ಥಿತಿಗೆ ಅವನನ್ನು ತಂದಿಡುತ್ತದೆ. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ನಾನು ಸಾಕ್ಷಿ. ಹೆಬ್ಬೆರಳಿನ ಬುಡದ ಕೀಲು ಕೆಂಪೇರಿ, ಚರ್ಮ ಬಿಗಿದು ಹೊಳೆಯುತ್ತದೆ. ಫ್ಯಾನಿನ ಗಾಳಿ ತಾಕಿದರೂ ಹಲ್ಲು ಕಚ್ಚಬೇಕಾಗುತ್ತದೆ. ನಾಲ್ಕಾರು ದಿನಗಳ ಮೇಲೆ ಬಾವು ಇಳಿಯತೊಡಗಿದಾಗ ಆ ಜಾಗ ತುರಿಸಲಾರಂಭಿಸಿ, ಚರ್ಮ ತೆಳುವಾದ ಹೊಟ್ಟಾಗಿ ಏಳುತ್ತದೆ. ಬೆರಳು ಮಡಿಚಿದರೆ ಮಡಿಚುತ್ತದೆ, ಚಪ್ಪಲಿ ಹಾಕಿದರೆ ಹಿಡಿಸುತ್ತದೆ. ಅಲ್ಲಿಗೆ ರೋಗ ಮುಗಿಯಿತೆಂದು ಭಾವಿಸುವುದು ಮನುಷ್ಯಸಹಜವಾದದ್ದು.

ಮುಗಿದಿರುವುದಿಲ್ಲ ಎಂಬುದನ್ನು ಅರಿಯಬೇಕಾದರೆ ಒಳಗೆ ನಡೆಯುವುದನ್ನು ಕೊಂಚ ನೋಡಬೇಕು. ನಮ್ಮ ಜೀವಕೋಶಗಳು ಸವೆದು ಹೊಸದಾಗುವಾಗಲೂ, ಕೆಲವು ಆಹಾರಗಳು ಜೀರ್ಣವಾಗುವಾಗಲೂ ಪ್ಯೂರಿನ್ ಎಂಬ ವಸ್ತುವಿನಿಂದ ಯೂರಿಕ್ ಆಮ್ಲ ಹುಟ್ಟುತ್ತದೆ. ಇತರ ಸಸ್ತನಿಗಳಲ್ಲಿ ಬಹುತೇಕ ಎಲ್ಲಕ್ಕೂ ಇದನ್ನು ಒಡೆದು ಸುಲಭವಾಗಿ ಕರಗುವಂತೆ ಮಾಡುವ ಒಂದು ಕಿಣ್ವವುಂಟು. ಮನುಷ್ಯನ ಪೂರ್ವಜರು ಲಕ್ಷಾಂತರ ವರ್ಷಗಳ ಹಿಂದೆಯೇ ಅದನ್ನು ಕಳೆದುಕೊಂಡರು. ಆದುದರಿಂದ ಆ ಆಮ್ಲವನ್ನು ಹೊರಹಾಕುವ ಹೊರೆಯಲ್ಲಿ ಮೂರರಲ್ಲಿ ಎರಡು ಪಾಲು ಮೂತ್ರಪಿಂಡದ ಮೇಲೂ ಉಳಿದದ್ದು ಕರುಳಿನ ಮೇಲೂ ಬಿದ್ದಿದೆ. ರಕ್ತದ ಒಂದು ಡೆಸಿಲೀಟರಿನಲ್ಲಿ ಸುಮಾರು 6.8 ಮಿಲಿಗ್ರಾಮ್ ದಾಟಿದರೆ ಅದು ಕರಗಿ ನಿಲ್ಲಲಾರದು. ದೇಹದ ಬಿಸುಪು ಕಡಿಮೆ ಇರುವ ಕಾಲಿನ ತುದಿಯಲ್ಲಿ, ಕೀಲುಗಳ ಸಂದಿಯಲ್ಲಿ, ಸೂಜಿಯಾಕಾರದ ಹರಳುಗಳಾಗಿ ಕೂಡುತ್ತದೆ. ಆಲ್ಫ್ರೆಡ್ ಗ್ಯಾರೊಡ್ ಎಂಬ ಆಂಗ್ಲ ವೈದ್ಯನು ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಅಧಿಕವಾಗಿರುವುದನ್ನು 1848ರಲ್ಲಿ ತೋರಿಸಿಕೊಟ್ಟನು. ಮುಂದೆ ಅವನು ಮಾಡಿದ ಪ್ರಯೋಗವೊಂದು ನನಗೆ ಅತ್ಯಂತ ಪ್ರಿಯವಾದುದು. ರೋಗಿಯ ರಕ್ತದಿಂದ ಬೇರ್ಪಡಿಸಿದ ತಿಳಿಯನ್ನು ಅಗಲವಾದ ಗಾಜಿನ ಬಟ್ಟಲಿಗೆ ಹಾಕಿ, ಕೊಂಚ ಆಮ್ಲ ಬೆರೆಸಿ, ಅದರೊಳಗೆ ಒಂದು ನಾರಿನ ಎಳೆಯನ್ನು ಇಳಿಬಿಟ್ಟು ಒಂದೆರಡು ದಿನ ಅಲುಗಿಸದೆ ಇಟ್ಟನು. ದಾರದ ಸುತ್ತ ಕಲ್ಲುಸಕ್ಕರೆ ಕಟ್ಟುವಂತೆ ಆ ಎಳೆಯ ಮೇಲೆ ಯೂರಿಕ್ ಆಮ್ಲದ ಹರಳುಗಳು ಕಟ್ಟಿದುವು. ಪಾಕವನ್ನು ಕದಡದೆ ಬಿಟ್ಟಷ್ಟೂ ಹರಳು ದೊಡ್ಡದಾಗುತ್ತದೆಂಬುದು ನಮ್ಮಲ್ಲಿ ಕಲ್ಲುಸಕ್ಕರೆಯನ್ನು ಕಂಡವರಿಗೆಲ್ಲ ಗೊತ್ತು. ಕೀಲಿನೊಳಗೆ ಆಗುವುದೂ ಇದೇ. ಬಾವು ಇಳಿದರೂ ಹರಳು ಅಲ್ಲಿಯೇ ಇರುತ್ತದೆ. ಅಮೆರಿಕದ ಮೆಕಾರ್ಟಿ ಮತ್ತು ಹಾಲಂಡರ್ ಎಂಬ ವೈದ್ಯರು 1961ರಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಈ ಹರಳುಗಳನ್ನು ಗುರುತಿಸುವ ಕ್ರಮವನ್ನು ಸ್ಥಾಪಿಸಿದ ಮೇಲೆ, ಕಿಂಚಿತ್ತೂ ನೋವಿಲ್ಲದ ದಿನಗಳಲ್ಲಿ ರೋಗಿಯ ಕೀಲಿನಿಂದ ತೆಗೆದ ದ್ರವದಲ್ಲಿಯೂ ಅವು ಕಾಣಸಿಕ್ಕಿದುವು.

ಹೀಗಿರುವಾಗ ಜನ ಈ ಮಧ್ಯಂತರ ಕಾಲದಲ್ಲಿ ಏಕೆ ಸುಮ್ಮನಿರುತ್ತಾರೆ? ನೋವಿಲ್ಲದಿರುವುದು ಒಂದು ಕಾರಣ. ಅದಕ್ಕಿಂತ ಬಲವಾದ ಕಾರಣ ನಾಚಿಕೆ. ಇದು ತಿಂದು ಕೊಬ್ಬಿದವರ ರೋಗವೆಂಬ ಅಪವಾದವು ಬಹು ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತರಕ್ತವೆಂಬ ಹೆಸರಿನಿಂದ ಬಣ್ಣಿಸಿರುವ, ಲಕ್ಷಣದಲ್ಲಿ ಇದನ್ನು ಬಹಳಮಟ್ಟಿಗೆ ಹೋಲುವ ವ್ಯಾಧಿಯು ಪ್ರಾಯಶಃ ಸುಕುಮಾರರಿಗೂ, ಮೃಷ್ಟಾನ್ನ ಭುಜಿಸುವವರಿಗೂ, ನಡೆದಾಡದೆ ಕುಳಿತಿರುವವರಿಗೂ ಬರುವುದೆಂದು ಹೇಳಿದೆ. ಪಾಶ್ಚಾತ್ಯರು ಇದನ್ನು ಅರಸರ ರೋಗವೆಂದೇ ಕರೆದರು. ಪ್ರಾಚೀನ ವೈದ್ಯರ ಅವಲೋಕನ ಸುಳ್ಳಲ್ಲ, ಅಪೂರ್ಣ. ಬಹುಮಂದಿಯಲ್ಲಿ ಮೂಲದೋಷವಿರುವುದು ನಾಲಗೆಯಲ್ಲಲ್ಲ, ಆಮ್ಲವನ್ನು ಸಾಕಷ್ಟು ಹೊರಹಾಕಲಾರದ ಮೂತ್ರಪಿಂಡದಲ್ಲಿ. ಆ ಗುಣವು ತಂದೆತಾಯಿಗಳಿಂದ ಬಂದುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕ ಗುಳಿಗೆಗಳೂ, ಹೃದಯಕ್ಕೆಂದು ಕೊಡುವ ಅಲ್ಪಪ್ರಮಾಣದ ಆಸ್ಪಿರಿನ್ನೂ ಅದನ್ನು ಏರಿಸುವುದುಂಟು. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೆ ಇದು ಅಪರೂಪವೆಂಬುದನ್ನು ಹಿಪಾಕ್ರಟಿಸನೇ ಕಂಡಿದ್ದನು. ಆ ವಯಸ್ಸು ದಾಟಿದ ಎಷ್ಟೋ ತಾಯಂದಿರು ಈ ಬಾವನ್ನು ಬರಿಯ ಮಂಡಿನೋವೆಂದು ಬಗೆದು ನರಳುತ್ತಿರುವುದು ನನಗೆ ಸಂಕಟದ ವಿಷಯ.

ಅಪವಾದದ ಜೊತೆಗೆ ಪಥ್ಯದ ಉಪದೇಶವೂ ಬರುತ್ತದೆ. ನಮ್ಮ ಬಂಧುಗಳ ಮನೆಯ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಕುಳಿತಿದ್ದಾಗ, ಹುಳಿಯ ಬಕೆಟ್ಟು ಹಿಡಿದು ಬಂದ ತಮ್ಮನ ಮಗ ನನ್ನೆದುರು ನಿಂತು, “ದೊಡ್ಡಪ್ಪ, ನಿಮಗೆ ಬೇಳೆ ಆಗೋದಿಲ್ಲವಂತಲ್ಲ, ಬರೀ ತಿಳಿ ಬಡಿಸಲೇ?” ಎಂದು ಕೇಳಿದನು. ಅವನ ಅಕ್ಕರೆಗೆ ನನ್ನ ಕಣ್ಣು ತುಂಬಿತು. “ಇಲ್ಲಪ್ಪ, ಹೋಳು ಬೇಳೆ ಎಲ್ಲ ಬರಲಿ, ಧಾರಾಳವಾಗಿ ಬಡಿಸು” ಎಂದೆ. ಬೇಳೆ, ಬಸಳೆ, ಪಾಲಕ್, ಅಣಬೆಗಳನ್ನು ಬಿಡಬೇಕೆಂಬ ನಿಷೇಧವು ನಮ್ಮಲ್ಲಿ ವೇದವಾಕ್ಯದಂತೆ ನಡೆದುಬಂದಿದೆ. ಅಮೆರಿಕದಲ್ಲಿ 47,150 ಪುರುಷರನ್ನು 12 ವರ್ಷ ಅನುಸರಿಸಿ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಂಸವನ್ನೂ ಸಮುದ್ರದ ಮೀನು ಮೊದಲಾದುವನ್ನೂ ಹೆಚ್ಚಾಗಿ ತಿಂದವರಿಗೆ ಗೌಟ್ ಅಧಿಕವಾಗಿ ಬಂದಿತು. ಪ್ಯೂರಿನ್ ಹೇರಳವಾಗಿರುವ ತರಕಾರಿಗಳಿಂದ ಹಾಗಾಗಲಿಲ್ಲ. ಹಾಲುಮೊಸರು ಸೇವಿಸಿದವರಿಗೆ ಕಡಿಮೆಯಾಗಿಯೇ ಬಂದಿತು. ಬಿಡಬೇಕಾದುವು ಬೇರೆ ಇವೆ. ಮದ್ಯಗಳಲ್ಲಿ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು. ಸಕ್ಕರೆಯ ತಂಪು ಪಾನೀಯಗಳು ಸಾಧುವಾಗಿ ಕಂಡರೂ, ಅವುಗಳಲ್ಲಿರುವ ಫ್ರಕ್ಟೋಸು ದೇಹದೊಳಗೆ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಮಾಂಸಾಹಾರಿಗಳು ಈಲಿ, ಮಿದುಳುಗಳನ್ನು ಬಿಟ್ಟು, ಕರಾವಳಿಯ ಬೂತಾಯಿಯಂಥ ಮೀನನ್ನು ಮಿತಗೊಳಿಸುವುದು ಹಿತ. ಇನ್ನು ನೀರು: ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿಂದ ವೈದ್ಯರು ಮಿತಿ ಹಾಕಿಲ್ಲದಿದ್ದರೆ, ದಿನವಿಡೀ ಧಾರಾಳವಾಗಿ ಕುಡಿಯುತ್ತಿರಬೇಕು. ಉಪವಾಸದಿಂದ ಒಳ್ಳೆಯದಾಗುವುದೆಂಬ ನಂಬಿಕೆಯೂ ಉಂಟು. ವಾಸ್ತವವಾಗಿ, ನಿರ್ಜಲ ಏಕಾದಶಿಯಂಥ ಕಠಿಣ ಉಪವಾಸದಲ್ಲಿ ನೀರೂ ಇಲ್ಲದೆ ದೇಹವು ತನ್ನ ಕೊಬ್ಬನ್ನೇ ಉರಿಸತೊಡಗಿದಾಗ ಆಮ್ಲ ಹೊರಹೋಗುವುದು ಕುಂಠಿತವಾಗಿ, ಪಾರಣೆಯ ದಿನವೇ ಹೆಬ್ಬೆರಳು ಬಾತುಕೊಳ್ಳಬಹುದು. ವ್ರತನಿಷ್ಠರು ಕನಿಷ್ಠಪಕ್ಷ ನೀರನ್ನಾದರೂ ಬಿಡದಿರಲಿ ಎಂದು ನಾನು ಕಳಕಳಿಯಿಂದ ಬೇಡುತ್ತೇನೆ.

ಇಷ್ಟಾದರೂ ಪಥ್ಯದ ಶಕ್ತಿಗೆ ಮಿತಿಯಿದೆ. ಕಟ್ಟುನಿಟ್ಟಾದ ಪಥ್ಯವು ರಕ್ತದ ಆಮ್ಲವನ್ನು ಸುಮಾರು ಒಂದು ಮಿಲಿಗ್ರಾಮಿನಷ್ಟು ಇಳಿಸೀತು. ಒಂಬತ್ತರಲ್ಲಿರುವವನು ಎಂಟಕ್ಕೆ ಬಂದರೆ ಹರಳು ಕರಗುವುದಿಲ್ಲ. ಇದನ್ನು ನನ್ನ ಮನಸ್ಸಿಗೆ ನಾಟುವಂತೆ ಮಾಡಿದವರು, ವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ಪರಿಚಯವಾದ ಒಬ್ಬ ಗಾರೆ ಮೇಸ್ತ್ರಿ. ಐವತ್ತರ ಆಸುಪಾಸಿನ ಆ ಮನುಷ್ಯ ಮದ್ಯವನ್ನು ಮುಟ್ಟಿದವರಲ್ಲ, ಮಾಂಸವೆಂಬುದು ಹಬ್ಬಕ್ಕೊಮ್ಮೆ. ಬೇಸಿಗೆಯ ಬಿಸಿಲಿನಲ್ಲಿ ಸಾರದ ಮೇಲೆ ನಿಂತು, ಇಳಿದು ಹತ್ತುವುದು ತಡವಾದೀತೆಂದು ನೀರು ಕುಡಿಯದೆ ದುಡಿದವರು. ನೋವು ಬಂದಾಗಲೆಲ್ಲ ಮೆಡಿಕಲ್ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗಿ, ಮರುದಿನ ಕೆಲಸಕ್ಕೆ ಹೋಗುತ್ತಿದ್ದರು. ನಾನು ನೋಡಿದಾಗ ಅವರ ಬಲಗೈಯ ತೋರುಬೆರಳಿನ ಗೆಣ್ಣಿನ ಮೇಲೆ ಹುಣಿಸೆಬೀಜದ ಗಾತ್ರದ ಗಂಟೊಂದು ಎದ್ದು, ಬಿಗಿದ ಚರ್ಮದಡಿಯಲ್ಲಿ ಸುಣ್ಣದ ಬಿಳುಪು ಕಾಣುತ್ತಿತ್ತು. ಕಿವಿಯ ಅಂಚಿನಲ್ಲಿಯೂ ಅಂಥವೇ ಸಣ್ಣ ಗಂಟುಗಳು. ಅದು ವರ್ಷಾನುಗಟ್ಟಲೆ ಕೂಡಿದ ಹರಳಿನ ರಾಶಿ. ಕರಣೆ ಹಿಡಿಯಲು ಬೆರಳು ಮಡಿಚುತ್ತಿರಲಿಲ್ಲ. “ದೊಡ್ಡೋರ ಕಾಯಿಲೆ ಅಂತಾರಲ್ಲ ಸಾರ್, ನನಗ್ಯಾಕೆ ಬಂತು?” ಎಂದು ಅವರು ಕೇಳಿದ ಪ್ರಶ್ನೆಗೆ ಚರಕನಲ್ಲಿಯೂ ಸಿಡನ್‌ಹ್ಯಾಮನಲ್ಲಿಯೂ ಉತ್ತರವಿಲ್ಲ. ನೋವಿನ ಮಾತ್ರೆಗಳು ಬಾವನ್ನು ಇಳಿಸುತ್ತವೆಯೇ ಹೊರತು ಆಮ್ಲವನ್ನಲ್ಲ; ಯಾರ ಸಲಹೆಯೂ ಇಲ್ಲದೆ ಬಹುಕಾಲ ಸೇವಿಸಿದರೆ, ಆಮ್ಲವನ್ನು ಹೊರಹಾಕಬೇಕಾದ ಮೂತ್ರಪಿಂಡವನ್ನೇ ಕೆಡಿಸುತ್ತವೆ.

ಹರಳನ್ನು ಕರಗಿಸುವ ಔಷಧ ಅರ್ಧ ಶತಮಾನಕ್ಕೂ ಹಿಂದೆಯೇ ದೊರೆತಿದೆಯೆಂಬುದನ್ನು ನೆನೆದಾಗ ಇಂಥವರ ಪಾಡು ಇನ್ನಷ್ಟು ದುಃಸಹವಾಗುತ್ತದೆ. ಗರ್‌ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬ ವಿಜ್ಞಾನಿಗಳು ರಕ್ತದ ಕ್ಯಾನ್ಸರಿನ ಮದ್ದೊಂದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಲು ಸಿದ್ಧಪಡಿಸಿದ ಅಲೋಪ್ಯುರಿನಾಲ್ ಎಂಬ ದ್ರವ್ಯವು ಯೂರಿಕ್ ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವುದು ಕಂಡುಬಂದು, 1966ರಲ್ಲಿ ಅದು ಅಮೆರಿಕದಲ್ಲಿ ಗೌಟಿಗೆ ಔಷಧವಾಗಿ ಬಳಕೆಗೆ ಬಂದಿತು. ಆ ಇಬ್ಬರಿಗೂ 1988ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಮ್, ಮೂತ್ರಪಿಂಡ ದುರ್ಬಲವಾಗಿದ್ದರೆ ಅದಕ್ಕೂ ಕಡಿಮೆ, ಆರಂಭಿಸಿ, ಆಗಾಗ ರಕ್ತ ಪರೀಕ್ಷಿಸುತ್ತ, ಆಮ್ಲವು 6ಕ್ಕಿಂತ ಕೆಳಗಿಳಿಯುವವರೆಗೆ ವೈದ್ಯರು ಪ್ರಮಾಣವನ್ನು ಏರಿಸುತ್ತಾರೆ. ಮೇಸ್ತ್ರಿಯವರಂತೆ ಗಂಟುಗಳಿರುವವರಲ್ಲಿ 5ಕ್ಕಿಂತ ಕೆಳಗೆ. ಅಪರೂಪವಾಗಿ ಇದು ಕೆಲವರಿಗೆ ತೀವ್ರವಾಗಿ ಒಗ್ಗದೆ ಹೋಗುವುದುಂಟಾದುದರಿಂದ, ಮೈಮೇಲೆ ದದ್ದು ಕಾಣಿಸಿದೊಡನೆ ನಿಲ್ಲಿಸಿ ವೈದ್ಯರ ಬಳಿಗೆ ಧಾವಿಸಬೇಕು.

ಬಹುಮಂದಿ ಎಡವುವ ಘಟ್ಟವೊಂದು ಇಲ್ಲಿದೆ. ಔಷಧ ಆರಂಭವಾದ ಮೊದಲ ಕೆಲವು ತಿಂಗಳು, ಹಳೆಯ ಹರಳುಗಳು ಕರಗುತ್ತ ಕದಲುವುದರಿಂದ, ನೋವು ಮತ್ತೆ ಮತ್ತೆ ಮರುಕಳಿಸಬಹುದು. ಗುಣಪಡಿಸಬೇಕಾದ ಮಾತ್ರೆಯೇ ನೋವು ತಂದಿತೆಂದು ರೋಗಿಯು ಅದನ್ನು ಎಸೆದುಬಿಡುತ್ತಾನೆ. ಹರಳುಗಳು ಮತ್ತೆ ಕೂಡುತ್ತವೆ. ಈ ಕಾಲವನ್ನು ದಾಟಿಸಲೆಂದು ವೈದ್ಯರು ಮೂರರಿಂದ ಆರು ತಿಂಗಳು ಕಾಲ್ಚಿಸಿನ್ ಎಂಬ ಇನ್ನೊಂದು ಮದ್ದನ್ನು ಅಲ್ಪಪ್ರಮಾಣದಲ್ಲಿ ಜೊತೆಗೆ ಕೊಡುವುದುಂಟು. ಮಲೆನಾಡಿನಲ್ಲಿ ಬೆಳೆದ ನನಗೆ ಆ ಮಾತ್ರೆಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ಒಂದು ವಿಶೇಷ ಭಾವನೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಊರ ಬೇಲಿಗಳ ಮೇಲೆ ಎಲೆಯ ತುದಿಯನ್ನೇ ಕುಡಿಯಾಗಿಸಿಕೊಂಡು ಹಬ್ಬಿ, ಹಳದಿ ಬುಡದ ಕೆಂಪು ದಳಗಳನ್ನು ಮೇಲಕ್ಕೆ ಚಾಚಿ ಅರಳುವ, ಗೌರಿಹಬ್ಬಕ್ಕೆ ನಾವು ಕೊಯ್ದು ತರುತ್ತಿದ್ದ ಗೌರಿ ಹೂವಿನ ಬಳ್ಳಿಯ ಬೀಜದಲ್ಲಿಯೂ ಗೆಡ್ಡೆಯಲ್ಲಿಯೂ ಇರುವುದು ಇದೇ ಕಾಲ್ಚಿಸಿನ್. ತಮಿಳುನಾಡಿನಲ್ಲಿ ಅದರ ಬೀಜಕ್ಕಾಗಿಯೇ ಈ ಬಳ್ಳಿಯನ್ನು ಬೇಸಾಯ ಮಾಡುತ್ತಾರೆ. ಆದರೆ ಗೆಡ್ಡೆಯು ಘೋರವಿಷ. ತಿಂದು ಪ್ರಾಣ ಕಳೆದುಕೊಂಡವರುಂಟು. ಗುಳಿಗೆಯಲ್ಲಿಯೂ ಹೇಳಿದ ಪ್ರಮಾಣವನ್ನು ಮೀರುವುದು ಅಪಾಯಕರ. ಮನೆಮದ್ದೆಂದು ಯಾರೂ ಅದಕ್ಕೆ ಕೈಹಾಕಬಾರದು.

ಮೇಸ್ತ್ರಿಯವರಿಗೂ ಆ ಮೊದಲ ತಿಂಗಳುಗಳಲ್ಲಿ ಎರಡು ಸಲ ಪಾದ ಬಾತಿತು. ಎರಡು ಸಲವೂ ಮಾತ್ರೆ ಬಿಡುವ ಯೋಚನೆಯಲ್ಲಿದ್ದ ಅವರನ್ನು, ಆಗ ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು, ವೈದ್ಯರ ಚೀಟಿಯನ್ನು ಗೋಡೆಗೆ ಅಂಟಿಸಿ, ಪ್ರತಿರಾತ್ರಿ ತಾನೇ ನೀರಿನ ಲೋಟದೊಡನೆ ಎದುರು ನಿಂತು ನುಂಗಿಸಿದಳಂತೆ. ಬೆರಳಿನ ಗಂಟು ವರ್ಷವೆರಡು ಕಳೆಯುವಷ್ಟರಲ್ಲಿ ಕುಗ್ಗುತ್ತ ಬಂದು, ಈಗ ಮುಟ್ಟಿ ನೋಡಿದರೆ ಮಾತ್ರ ತಿಳಿಯುವಷ್ಟಾಗಿದೆ. ಕರಣೆ ಮತ್ತೆ ಕೈಗೆ ಹಿಡಿಸಿದೆ. ಸಾರದ ಮೇಲೆ ನೀರಿನ ಬಾಟಲಿ ಕಟ್ಟಿಕೊಂಡೇ ಹತ್ತುತ್ತಾರೆ. ಕಳೆದ ಸಲ ಅದೇ ಬೆಂಚಿನಲ್ಲಿ ಸಿಕ್ಕಾಗ ಪಕ್ಕದಲ್ಲಿ ಅವರಂತೆಯೇ ಮುಖವಿದ್ದ ಮೂವತ್ತರ ಹರೆಯದವನೊಬ್ಬ, ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕುಳಿತಿದ್ದನು. “ನನ್ನ ತಮ್ಮ ಸಾರ್, ಇವನಿಗೂ ಶುರುವಾಗಿದೆ. ಅಂಗಡಿ ಮಾತ್ರೆ ನುಂಗ್ತಿದ್ದ, ಎಳ್ಕೊಂಡು ಬಂದೆ” ಎಂದರು. ಒಳಗಿನಿಂದ ಕರೆ ಬಂದಾಗ ತಮ್ಮನ ರಟ್ಟೆ ಹಿಡಿದು ಎಬ್ಬಿಸಿದರು; ರಕ್ತಪರೀಕ್ಷೆಯ ಕಾಗದ ಅಣ್ಣನ ಜೇಬಿನಲ್ಲಿತ್ತು.